ಎಲ್ಲರೂ ಓದಲೆಂದು ಬರೆದ ಖಾಸಗಿ ಪತ್ರಗಳು

1436ರ ಹೊತ್ತಿಗೆ ಇಟಲಿಯ ವೆರೋನಾದಲ್ಲಿ ಹದಿನೆಂಟರ ಆಸುಪಾಸಿನ ಹುಡುಗಿಯೊಬ್ಬಳು ಆ ಕಾಲದ ಅತಿ ದೊಡ್ಡ ಲ್ಯಾಟಿನ್ ಮೇಷ್ಟರಲ್ಲಿ ಒಬ್ಬನಿಗೆ ಪತ್ರ ಬರೆದಳು. ಹುಡುಗಿ ಇಸೋಟ್ಟಾ ನೊಗರೋಲಾ. ಮೇಷ್ಟ್ರು ಗ್ವಾರಿನೋ. ಆತನೂ ವೆರೋನಾದವನೇ, ಆಗ ಫೆರಾರಾದಲ್ಲಿ ಪಾಠ ಹೇಳುತ್ತಿದ್ದ. ಅವಳ ಬರವಣಿಗೆಯನ್ನು ಆತ ಮೆಚ್ಚಿ ಮಾತಾಡಿದ್ದು ಕಿವಿಗೆ ಬಿದ್ದಿತ್ತು, ಆ ಧೈರ್ಯದಲ್ಲಿ ಬರೆದಿದ್ದಳು. ಬಹಳ ದಿನ ಕಾದರೂ ಉತ್ತರ ಬರಲಿಲ್ಲ. 1437ರಲ್ಲಿ ಇಸೋಟ್ಟಾ ಮತ್ತೊಂದು ಪತ್ರ ಬರೆದಳು. ಈ ಸಲ ಅವಳ ಮಾತಿನಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು. ಗಂಡಸರ ಮಾತಿನಲ್ಲೂ ನಡತೆಯಲ್ಲೂ ತಾತ್ಸಾರಕ್ಕೆ ಗುರಿಯಾಗಲೆಂದೇ ನಾನು ಹೆಣ್ಣಾಗಿ ಹುಟ್ಟಿದೆನೇ? ನಿಮ್ಮ ಮೌನದಿಂದ ಊರೇ ನನ್ನನ್ನು ಕಂಡು ನಗುತ್ತಿದೆ, ಹೆಂಗಸರೇ ಆಡಿಕೊಳ್ಳುತ್ತಿದ್ದಾರೆ! ಅವಳ ದೂರಿನ ಸಾರಾಂಶ ಇಷ್ಟು.

ಗ್ವಾರಿನೋ ಕೂಡಲೇ ಉತ್ತರ ಬರೆದ. ಹೊಗಳಿದ, ಸಮಾಧಾನ ಹೇಳಿದ, ಜೊತೆಗೆ ಹೆಣ್ಣಿನ ಮೈಯೊಳಗೆ ಗಂಡಿನ ಮನಸ್ಸು ಬೆಳೆಸಿಕೋ ಎಂಬ ಉಪದೇಶವನ್ನೂ ಸೇರಿಸಿದ. ಅವನ ಉಪದೇಶ ಹಾಗಿರಲಿ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಒಬ್ಬಳು ಒಬ್ಬನಿಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲವೆಂದು ಊರಿಗೆ ಹೇಗೆ ಗೊತ್ತಾಯಿತು? ಊರು ಯಾಕೆ ನಗಬೇಕು?

ಯುರೋಪಿನ ಪುನರುಜ್ಜೀವನ ಕಾಲದ ವಿದ್ವತ್ತು ನಡೆಯುತ್ತಿದ್ದ ಬಗೆಯಲ್ಲೇ ಇದಕ್ಕೆ ಉತ್ತರವಿದೆ. ಆ ವಿದ್ವಾಂಸರ ಪತ್ರಗಳು ಮೇಲ್ನೋಟಕ್ಕೆ ಗೆಳೆಯನಿಗೆ ಗೆಳೆಯ ಬರೆದ ಆಪ್ತ ಮಾತು. ನಿಜದಲ್ಲಿ ಅವು ನಕಲಾಗಿ, ಕೈಯಿಂದ ಕೈಗೆ ಹೋಗಿ, ಹತ್ತಾರು ಜನರ ನಡುವೆ ಗಟ್ಟಿಯಾಗಿ ಓದಿಸಿಕೊಳ್ಳುತ್ತಿದ್ದವು. ದೊಡ್ಡವನೊಬ್ಬನಿಗೆ ಪತ್ರ ಬರೆಯುವುದೆಂದರೆ ವಿದ್ವಾಂಸರ ಕೂಟದ ಬಾಗಿಲು ತಟ್ಟಿದ ಹಾಗೆ. ಉತ್ತರ ಬಂದರೆ ಪ್ರವೇಶ. ಬರದಿದ್ದರೆ ಹೊರಗೆ ನಿಂತದ್ದು ಎಲ್ಲರಿಗೂ ಕಾಣುತ್ತದೆ.

ಈ ವಿದ್ವಾಂಸರನ್ನು ಹ್ಯೂಮನಿಸ್ಟರು ಎನ್ನುತ್ತಾರೆ. ನಮ್ಮ ಪಠ್ಯಗಳಲ್ಲಿ ಇವರು ಮಾನವತಾವಾದಿಗಳಾಗಿ ಬರುವುದರಿಂದ ಏನೋ ದಯೆ, ದೀನೋದ್ಧಾರದ ಪಂಥವೆಂದು ಅನ್ನಿಸಬಹುದು. ಇವರ ಕಸುಬು ಬೇರೆ. ವ್ಯಾಕರಣ, ಭಾಷಣಕಲೆ, ಕಾವ್ಯ, ಇತಿಹಾಸ, ನೀತಿಶಾಸ್ತ್ರ ಎಂಬ ಐದು ವಿಷಯಗಳನ್ನು ಪ್ರಾಚೀನ ರೋಮ್ ಮತ್ತು ಗ್ರೀಸಿನ ಗ್ರಂಥಗಳಿಂದ ಕಲಿಯುವುದು, ಕಲಿಸುವುದು, ಅವುಗಳ ಮಾದರಿಯಲ್ಲಿ ಬರೆಯುವುದು. ಹೊಟ್ಟೆಪಾಡಿಗೆ ಇವರಲ್ಲಿ ಕೆಲವರು ಮೇಷ್ಟರಾದರು. ಹೆಚ್ಚಿನವರು ನಗರಗಳ, ಪೋಪರ, ರಾಜರ ಕಚೇರಿಗಳಲ್ಲಿ ಕಾರ್ಯದರ್ಶಿಗಳಾದರು. ಕಾರ್ಯದರ್ಶಿಯ ದಿನದ ಕೆಲಸ ಪತ್ರ ಬರೆಯುವುದು. ಹಗಲೆಲ್ಲ ಧಣಿಯ ಪರವಾಗಿ, ರಾತ್ರಿ ತಮ್ಮ ಪರವಾಗಿ ಬರೆದರು.

ಇವರಿಗಿಂತ ಮುಂಚೆ ಯುರೋಪಿನಲ್ಲಿ ಪತ್ರಕಲೆ ಇರಲಿಲ್ಲವೆಂದಲ್ಲ. 11ನೇ ಶತಮಾನದಿಂದ ಅದಕ್ಕೊಂದು ಶಾಸ್ತ್ರವೇ ಬೆಳೆದಿತ್ತು, ಇಟಲಿಯ ಬೊಲೊನ್ಯಾ ಅದರ ದೊಡ್ಡ ಕೇಂದ್ರವಾಯಿತು. ಪತ್ರಕ್ಕೆ ಐದು ಅಂಗ: ಅಭಿವಾದನ, ಓದುವವನ ಮನಸ್ಸು ಒಲಿಸಿಕೊಳ್ಳುವ ಮಾತು, ಸಂಗತಿ, ಬಿನ್ನಹ, ಮುಕ್ತಾಯ. ಮೊದಲ ಅಂಗದ್ದೇ ದೊಡ್ಡ ರಗಳೆ. ಬಿಷಪ್‌ಗೆ ಬರೆಯುವಾಗ ಹೇಗೆ, ಸಮಾನನಿಗೆ ಹೇಗೆ, ಯಾರ ಹೆಸರು ಮೊದಲು ಎಂದು ಪುಟಗಟ್ಟಲೆ ನಿಯಮ. ನಮ್ಮ ಅಜ್ಜಂದಿರ ಕಾಗದಗಳಲ್ಲಿ ತೀರ್ಥರೂಪರ ಸನ್ನಿಧಿಗೆ ಸಾಷ್ಟಾಂಗ ನಮಸ್ಕಾರ, ಉಭಯ ಕುಶಲೋಪರಿ ಸಾಂಪ್ರತ ಎಂದೆಲ್ಲ ಮುಗಿದ ಮೇಲೆ ವಿಷಯ ಶುರುವಾಗುತ್ತಿತ್ತಲ್ಲ, ಆ ಪೈಕಿ. ಒಕ್ಕಣೆಯಿಂದ ಬರೆದವನ ಅಂತಸ್ತು ತಿಳಿಯುತ್ತದೆ, ಮನುಷ್ಯ ತಿಳಿಯುವುದಿಲ್ಲ.

1345ರಲ್ಲಿ ಈ ಕಟ್ಟಿನಲ್ಲಿ ಬಿರುಕು ಕಾಣಿಸಿತು. ಅದೂ ವೆರೋನಾದಲ್ಲೇ. ಕವಿ ಪೆಟ್ರಾರ್ಕ್ ಅಲ್ಲಿನ ಕೆಥೆಡ್ರಲ್ ಗ್ರಂಥಾಲಯದಲ್ಲಿ ಹಳೆಯ ಹಸ್ತಪ್ರತಿಯೊಂದನ್ನು ಕಂಡ. ರೋಮಿನ ಮಹಾ ವಾಗ್ಮಿ ಸಿಸೆರೋ ತನ್ನ ಗೆಳೆಯ ಅಟ್ಟಿಕಸ್‌ಗೆ ಬರೆದ 16 ಸಂಪುಟ ಪತ್ರಗಳು ಅದರಲ್ಲಿದ್ದವು. ಸಿಸೆರೋ ಸತ್ತದ್ದು ಕ್ರಿಸ್ತಪೂರ್ವ 43ರಲ್ಲಿ. ಪೆಟ್ರಾರ್ಕ್‌ಗೆ ಅವನು ದೇವರ ಸಮಾನ. ಧೀರ, ಗಂಭೀರ, ವೈರಾಗ್ಯದ ಬಗ್ಗೆ ಅಷ್ಟು ಚೆನ್ನಾಗಿ ಬರೆದವನು. ಈ ಪತ್ರಗಳಲ್ಲಿ ಸಿಕ್ಕಿದ್ದು ಬೇರೆಯದೇ ಸಿಸೆರೋ. ಹಣದ ಚಿಂತೆ, ರಾಜಕೀಯದ ಲೆಕ್ಕಾಚಾರ, ಇಂದು ಹೊಗಳಿದವನನ್ನು ನಾಳೆ ತೆಗಳುವುದು, ಸೀಸರನಿಗೆ ಹೆದರುವುದು, ಗೊಣಗುವುದು.

ಪೆಟ್ರಾರ್ಕ್ ಕಾಯಿಲೆಯಲ್ಲೂ ಅವನ್ನು ಕೈಯಾರೆ ಪ್ರತಿ ಮಾಡಿಕೊಂಡ. (ಆ ದಪ್ಪ ಸಂಪುಟ ಮುಂದೆ ಪದೇಪದೇ ಅವನ ಎಡಗಾಲಿನ ಮೇಲೆ ಬಿದ್ದು, ಗಾಯ ಕೀವಾಗಿ, ವೈದ್ಯರ ಕೈಗೆ ಹೋಯಿತು. ಅದನ್ನೂ ಒಂದು ಪತ್ರದಲ್ಲಿ ಬರೆದಿದ್ದಾನೆ.) ಆಮೇಲೆ ಅವನು ಮಾಡಿದ ಕೆಲಸ ವಿಚಿತ್ರ. ಸತ್ತು ಹದಿಮೂರು ಶತಮಾನ ಕಳೆದಿದ್ದ ಸಿಸೆರೋಗೇ ಪತ್ರ ಬರೆದ. ಮುದಿ ವಯಸ್ಸಿನಲ್ಲಿ ನಿನಗೆ ಆ ಜಗಳಗಳೆಲ್ಲ ಯಾಕೆ ಬೇಕಿತ್ತು, ಹಳ್ಳಿಯಲ್ಲಿ ಕೂತು ತತ್ತ್ವಶಾಸ್ತ್ರ ಓದಿಕೊಂಡಿರಬಾರದಿತ್ತೇ ಎಂದು ತರಾಟೆಗೆ ತೆಗೆದುಕೊಂಡ. ಕೊನೆಗೆ ವಿಳಾಸ ಮತ್ತು ತಾರೀಖು: ಬದುಕಿರುವವರ ಲೋಕದಿಂದ, ಅಡಿಜೆ ನದಿಯ ಬಲದಂಡೆಯ ವೆರೋನಾದಿಂದ, ನೀನು ಅರಿಯದ ಆ ದೇವರು ಹುಟ್ಟಿದ 1345ನೇ ವರ್ಷ, ಜೂನ್ 16.

ಈ ಪತ್ರವನ್ನು ತಮಾಷೆಯೆಂದು ಬದಿಗಿಡುವಂತಿಲ್ಲ. ಪ್ರಾಚೀನ ಗ್ರಂಥಕರ್ತನನ್ನು ಪ್ರಮಾಣವಾಕ್ಯದ ಮೂಲವಾಗಿ ನೋಡುತ್ತಿದ್ದ ಕಾಲದಲ್ಲಿ ಪೆಟ್ರಾರ್ಕ್ ಅವನನ್ನು ಒಂದು ಕಾಲದಲ್ಲಿ, ಒಂದು ಊರಿನಲ್ಲಿ, ತಪ್ಪುಗಳ ಸಮೇತ ಬದುಕಿದ ಮನುಷ್ಯನಾಗಿ ನೋಡಿದ. ಅವನ ಪತ್ರದಲ್ಲಿ ಆ ತಾರೀಖು ಅಷ್ಟು ವಿವರವಾಗಿ ಇರುವುದೂ ಅದಕ್ಕೇ. ನಿನ್ನ ಕಾಲ ಬೇರೆ, ನನ್ನದು ಬೇರೆ ಎಂಬ ಆ ಅರಿವಿಲ್ಲದೆ ಹ್ಯೂಮನಿಸ್ಟರ ಪಾಠಸಂಶೋಧನೆಯೇ, ಅಂದರೆ ಹಳೆಯ ಬರಹಗಳನ್ನು ಪರೀಕ್ಷಿಸಿ ಅಸಲು ಯಾವುದೆಂದು ಗುರುತಿಸುವ ಕೆಲಸವೇ, ಇಲ್ಲ. 1440ರಲ್ಲಿ ಲೊರೆಂಜೋ ವಲ್ಲಾ ಎಂಬಾತ, ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪನಿಗೆ ಪಶ್ಚಿಮ ಸಾಮ್ರಾಜ್ಯವನ್ನೇ ದಾನ ಕೊಟ್ಟನೆಂದು ಹೇಳುವ ಶಾಸನಪತ್ರ ಖೊಟ್ಟಿ ಎಂದು ತೋರಿಸಿದ್ದು ಇದೇ ಅರಿವಿನಿಂದ. ಅದರ ಲ್ಯಾಟಿನ್ 4ನೇ ಶತಮಾನದ ಲ್ಯಾಟಿನ್ ಆಗಿರಲು ಸಾಧ್ಯವೇ ಇಲ್ಲ ಎಂಬುದು ಅವನ ವಾದದ ಮುಖ್ಯ ಎಳೆ.

ಸಿಸೆರೋನ ಪತ್ರಗಳಿಂದ ಪೆಟ್ರಾರ್ಕ್ ಇನ್ನೊಂದನ್ನೂ ಕಲಿತ. ಪತ್ರವೆಂದರೆ ದೂರದಲ್ಲಿರುವ ಗೆಳೆಯರ ಸಂಭಾಷಣೆ ಎಂಬುದು ಸಿಸೆರೋನದೇ ಕಲ್ಪನೆ. ಹಾಗಾದರೆ ಅದು ಸಂಭಾಷಣೆಯಂತೆಯೇ ಇರಬೇಕು. ಮಧ್ಯಯುಗದವರು ದೊಡ್ಡವರಿಗೆ ಬಹುವಚನ ಬಳಸುತ್ತಿದ್ದರು. ಪ್ರಾಚೀನ ರೋಮಿನಲ್ಲಿ ಆ ಪದ್ಧತಿ ಇರಲಿಲ್ಲ. ಪೆಟ್ರಾರ್ಕ್ ಚಕ್ರವರ್ತಿಗೂ ಏಕವಚನದಲ್ಲೇ ಬರೆದ. ಕನ್ನಡದಲ್ಲಿ ಬದುಕುವ ನಮಗೆ ಇದರ ಧೈರ್ಯ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಒಂದು ಎಚ್ಚರ ಬೇಕು. ಅಟ್ಟಿಕಸ್‌ಗೆ ಬರೆಯುವಾಗ ಸಿಸೆರೋ ಲೋಕವನ್ನು ಮರೆತು ಬರೆದ, ಅದರಿಂದಲೇ ಸಿಕ್ಕಿಬಿದ್ದ. ಪೆಟ್ರಾರ್ಕ್ ಆ ತಪ್ಪು ಮಾಡಲಿಲ್ಲ. ತನ್ನ ಪತ್ರಗಳನ್ನು ಒಟ್ಟುಗೂಡಿಸಿದ, ಬೇಡವಾದ ಸಾವಿರ ಬರಹಗಳನ್ನೋ ಇನ್ನೂ ಹೆಚ್ಚನ್ನೋ ಬೆಂಕಿಗೆ ಹಾಕಿದೆನೆಂದು ತಾನೇ ಹೇಳಿಕೊಂಡ, ಉಳಿದವನ್ನು ತಿದ್ದಿ ತೀಡಿ 350 ಪತ್ರಗಳ 24 ಭಾಗಗಳಾಗಿ ಜೋಡಿಸಿದ. 24 ಯಾಕೆಂದರೆ ಹೋಮರನ ಇಲಿಯಡ್‌ನಲ್ಲೂ ಅಷ್ಟೇ. ಮೊದಮೊದಲ ಪತ್ರಗಳಲ್ಲಿ ಕೆಲವನ್ನು ಎಷ್ಟೋ ವರ್ಷದ ನಂತರ ಕೂತು ಹೊಸದಾಗಿ ಬರೆದು ಹಳೆಯ ತಾರೀಖು ಹಾಕಿದ್ದಾನೆ. 1336ರ ಏಪ್ರಿಲ್ 26ರಂದು ದಕ್ಷಿಣ ಫ್ರಾನ್ಸಿನ ಮೊಂ ವಾಂತೂ ಬೆಟ್ಟ ಹತ್ತಿ ಇಳಿದು, ಅಂದೇ ಸಂಜೆ ಅವಸರದಲ್ಲಿ ಗೀಚಿದೆನೆಂದು ಹೇಳಿಕೊಳ್ಳುವ ಅವನ ಪ್ರಸಿದ್ಧ ಪತ್ರವನ್ನು ಈಗಿನ ಬಹುಪಾಲು ವಿದ್ವಾಂಸರು 1350ರ ದಶಕದ ರಚನೆಯೆಂದು ಓದುತ್ತಾರೆ. ತುದಿ ತಲುಪಿ ಸಂತ ಆಗಸ್ಟೀನನ ಪುಸ್ತಕ ತೆರೆದರೆ ಸಂದರ್ಭಕ್ಕೆ ಹೇಳಿ ಮಾಡಿಸಿದ ಸಾಲೇ ಕಣ್ಣಿಗೆ ಬೀಳುತ್ತದೆ! ಆಪ್ತತೆಯನ್ನು ಇವರು ಕಟ್ಟಿದರು, ಶ್ರಮವಹಿಸಿ ಕಟ್ಟಿದರು. ನನಗೆ ಇದು ಮೋಸವೆಂದು ಅನ್ನಿಸುವುದಿಲ್ಲ. ಅವರ ಓದುಗರಿಗೂ ಇದು ಗೊತ್ತಿತ್ತು. ಸಹಜವಾಗಿ ಕಾಣುವಂತೆ ಬರೆಯುವುದಕ್ಕೇ ಅವರು ಅಂಕ ಕೊಡುತ್ತಿದ್ದರು.

ಪತ್ರದ ಬಲ ರಾಜಕೀಯಕ್ಕೂ ಗೊತ್ತಾಯಿತು. 1375ರಿಂದ 1406ರಲ್ಲಿ ಸಾಯುವವರೆಗೂ ಫ್ಲಾರೆನ್ಸಿನ ಕಾರ್ಯದರ್ಶಿಗಳ ಮುಖ್ಯಸ್ಥನಾಗಿದ್ದವನು ಕೊಲುಚ್ಚೋ ಸಲುತಾತಿ. ಫ್ಲಾರೆನ್ಸಿನ ಕಡುವೈರಿ, ಮಿಲಾನಿನ ಜಾನ್‌ಗಲೆಯಾಟ್ಸೋ ವಿಸ್ಕೊಂತಿ, ಸಲುತಾತಿಯ ಪತ್ರಗಳು ನನಗೆ ಸಾವಿರ ಕುದುರೆ ಸವಾರರಿಗಿಂತ ಹೆಚ್ಚು ಹಾನಿ ಮಾಡಿವೆ ಎಂದನೆಂದು ಪ್ರತೀತಿ. ಅದೇ ಸಲುತಾತಿ 1392ರಲ್ಲಿ ಸಿಸೆರೋನ ಪತ್ರಗಳ ಇನ್ನೊಂದು ದೊಡ್ಡ ಸಂಗ್ರಹದ ಪ್ರತಿಯನ್ನು ತರಿಸಿಕೊಂಡ. ಬೈಜಾಂಟಿಯಮ್ಮಿನಿಂದ ಮ್ಯಾನುಯೆಲ್ ಕ್ರಿಸೊಲೊರಾಸ್‌ನನ್ನು ಕರೆಸಿ 1397ರಲ್ಲಿ ಫ್ಲಾರೆನ್ಸಿನಲ್ಲಿ ಗ್ರೀಕ್ ಪಾಠ ಶುರು ಮಾಡಿಸಿದ್ದರ ಹಿಂದೆಯೂ ಅವನಿದ್ದ.

ಇನ್ನು ಹಸ್ತಪ್ರತಿಗಳ ಬೇಟೆ. ಇದು ಪತ್ರಗಳಿಲ್ಲದೆ ಆಗುವ ಕೆಲಸವೇ ಅಲ್ಲ. ಯಾವ ಮಠದಲ್ಲಿ ಯಾವ ಗ್ರಂಥ ಧೂಳು ತಿನ್ನುತ್ತಿದೆ, ಯಾರ ಹತ್ತಿರ ಪ್ರತಿ ಇದೆ, ಯಾರು ಸಾಲ ಕೊಡುತ್ತಾರೆ, ಇವೆಲ್ಲ ತಿಳಿಯಬೇಕಾದದ್ದು ಪತ್ರದಿಂದಲೇ. ಪೋಪನ ಕಾರ್ಯದರ್ಶಿ ಪೊಜ್ಜೋ ಬ್ರಾಚ್ಚೊಲೀನಿ ಕಾನ್‌ಸ್ಟನ್ಸ್ ಧರ್ಮಸಭೆಗೆ ಹೋಗಿದ್ದಾಗ, 1416ರಲ್ಲಿ ಬಿಡುವು ಮಾಡಿಕೊಂಡು ಸೇಂಟ್ ಗಾಲ್ ಮಠಕ್ಕೆ ಹೋದ. ಭಾಷಣಕಲೆಯ ಬಗ್ಗೆ ಪ್ರಾಚೀನ ರೋಮಿನ ಕ್ವಿಂಟಿಲಿಯನ್ ಬರೆದ ಗ್ರಂಥ ಅಲ್ಲಿಯವರೆಗೆ ಇಟಲಿಯವರಿಗೆ ತುಂಡುತುಂಡಾಗಿ ಮಾತ್ರ ಗೊತ್ತಿತ್ತು. ಇಡೀ ಪ್ರತಿ ಅಲ್ಲಿನ ಗೋಪುರವೊಂದರ ತಳದ ಕತ್ತಲೆ ಕೋಣೆಯಲ್ಲಿ ಬಿದ್ದಿತ್ತು. ಮರಣದಂಡನೆಯಾದವರನ್ನೂ ಅಂಥ ಜಾಗದಲ್ಲಿ ಕೂಡಿಹಾಕುವುದಿಲ್ಲ, ಕ್ವಿಂಟಿಲಿಯನ್ ಗಡ್ಡ ಕೊಳಕಾಗಿ ಕೂದಲು ಗಂಟುಗಟ್ಟಿದ ಕೈದಿಯ ಹಾಗಿದ್ದ ಎಂದು ಪೊಜ್ಜೋ ಬರೆದ. ಯಾರಿಗೆ? ನಮ್ಮ ಗ್ವಾರಿನೋಗೇ, ಆ ವರ್ಷ ಡಿಸೆಂಬರ್‌ನಲ್ಲಿ. ಆ ಪತ್ರ ಗ್ವಾರಿನೋನ ಪೆಟ್ಟಿಗೆಯಲ್ಲಿ ಕೂರಲಿಲ್ಲ, ಕೂರಲೆಂದು ಬರೆದದ್ದೂ ಅಲ್ಲ. ಸಂಶೋಧನೆ ಪ್ರಕಟವಾಗುವ ಬಗೆ ಆಗ ಅದೇ. ಮರುವರ್ಷ ವೆನಿಸ್ಸಿನ ಫ್ರಾಂಚೆಸ್ಕೊ ಬಾರ್ಬಾರೋ ಪೊಜ್ಜೋನನ್ನು ಅಭಿನಂದಿಸಿ ಬರೆದ ಪತ್ರದಲ್ಲೇ ‘ಅಕ್ಷರಗಳ ಗಣರಾಜ್ಯ’ ಎಂಬ ಮಾತು ಮೊದಲ ಬಾರಿಗೆ ಕಾಣುತ್ತದೆ. ಗಡಿ, ಸೈನ್ಯ, ಕಂದಾಯ ಯಾವುದೂ ಇಲ್ಲದೆ ಪತ್ರಗಳ ಮೇಲೆಯೇ ನಿಂತ ರಾಜ್ಯ ಅದು. ವಿದ್ವತ್ ಪತ್ರಿಕೆಗಳು ಬಂದದ್ದು 1665ರಲ್ಲಿ, ಅಲ್ಲಿಯವರೆಗೆ ಆ ಕೆಲಸವನ್ನು ಬಹುಮಟ್ಟಿಗೆ ನಡೆಸಿದ್ದು ಈ ಜಾಲ.

ಪೊಜ್ಜೋ ಮತ್ತು ಅವನ ಗೆಳೆಯ ನಿಕ್ಕೊಲೋ ನಿಕ್ಕೊಲಿಯ ಪತ್ರಗಳನ್ನು ಓದುವುದು ಬೇರೆಯೇ ಸುಖ. ಪುಸ್ತಕ ಸಾಲ ಕೊಟ್ಟು ಕೈ ಸುಟ್ಟುಕೊಂಡವರಿಗಂತೂ ಬಹಳ ಹತ್ತಿರವಾಗುತ್ತವೆ. 1417ರಲ್ಲಿ ಪೊಜ್ಜೋ ಕಂಡುಹಿಡಿದ, ಪ್ರಾಚೀನ ರೋಮಿನ ಕವಿ ಲುಕ್ರೀಷಿಯಸ್‌ನ ಕಾವ್ಯದ ಪ್ರತಿಯನ್ನು ನಿಕ್ಕೊಲಿ ಹತ್ತು ವರ್ಷಕ್ಕೂ ಮೀರಿ ಇಟ್ಟುಕೊಂಡು ಕೂತ, ಪೊಜ್ಜೋ ಕೇಳಿ ಕೇಳಿ ಸಾಕಾದ. ಈ ಇಬ್ಬರ ಕೈಬರಹ ಇಂದಿಗೂ ಬಳಕೆಯಲ್ಲಿದೆ. ಇಂಗ್ಲಿಷ್ ಪುಸ್ತಕದಲ್ಲಿ ನಾವು ಓದುವ ನೆಟ್ಟಗಿನ ರೋಮನ್ ಅಕ್ಷರಗಳ ಮೂಲ ಪೊಜ್ಜೋನಂಥವರು ರೂಢಿಗೆ ತಂದ ಬರಹದಲ್ಲಿದೆ, ಓರೆಯ ಇಟಾಲಿಕ್ ಅಕ್ಷರಗಳ ಮೂಲ ನಿಕ್ಕೊಲಿಯ ಅವಸರದ ಬರಹದಲ್ಲಿ.

ಪತ್ರ ಹೋಗುತ್ತಿದ್ದದ್ದು ಹೇಗೆ? ಸಾಮಾನ್ಯರಿಗೆ ಅಂಚೆಯೆಂಬುದು ಇರಲಿಲ್ಲ. ಟಾಕ್ಸಿಸ್ ಮನೆತನ 1490ರಿಂದ ಹ್ಯಾಬ್ಸ್‌ಬರ್ಗ್ ದೊರೆಗಳಿಗಾಗಿ ಕುದುರೆ ಬದಲಿಸುವ ಟಪಾಲು ಸಾಲು ನಡೆಸಿತು, ಆದರೆ ಅದು ಹೊರಟದ್ದು ಅರಮನೆಯ ಕೆಲಸಕ್ಕೆ. ವಿದ್ವಾಂಸರು ನೆಚ್ಚಿದ್ದು ವ್ಯಾಪಾರಿಗಳನ್ನು, ಯಾತ್ರಿಕರನ್ನು, ಊರಿಗೆ ಹೊರಟ ವಿದ್ಯಾರ್ಥಿಗಳನ್ನು, ಕೈಯಲ್ಲಿ ಕಾಸಿದ್ದರೆ ಬಾಡಿಗೆ ಓಲೆಕಾರನನ್ನು. ಹಾಳೆಯನ್ನು ಮಡಿಸಿ, ಹೊರಮೈ ಮೇಲೆ ವಿಳಾಸ ಬರೆದು, ಅರಗಿನ ಮುದ್ರೆ ಒತ್ತುತ್ತಿದ್ದರು. ದಾರಿಯಲ್ಲಿ ಮುದ್ರೆ ಒಡೆಯುತ್ತಿತ್ತು, ಒಡೆಸಿಕೊಳ್ಳುತ್ತಿತ್ತು. 1519ರ ಅಕ್ಟೋಬರ್‌ನಲ್ಲಿ ಎರಾಸ್ಮಸ್ ಮೈನ್ಸ್‌ನ ಆರ್ಚ್‌ಬಿಷಪ್‌ಗೆ, ಮಾರ್ಟಿನ್ ಲೂಥರ್‌ನನ್ನು ಕೇಳದೆ ಮಾಡದೆ ತುಳಿಯಬೇಡಿ ಎಂಬರ್ಥದ ಸೂಕ್ಷ್ಮ ಪತ್ರವೊಂದನ್ನು ಬರೆದು, ತಲುಪಿಸಲೆಂದು ಉಲ್ರಿಚ್ ಫಾನ್ ಹುಟನ್ ಎಂಬ ಹ್ಯೂಮನಿಸ್ಟನಿಗೆ ಕಳಿಸಿದ. ಹುಟನ್ ಅದನ್ನು ಅಚ್ಚು ಹಾಕಿಸಿಬಿಟ್ಟ. ಎರಾಸ್ಮಸ್‌ಗೆ ಅದರಿಂದಾದ ಕಿರುಕುಳ ಅಷ್ಟಿಷ್ಟಲ್ಲ.

ಅಚ್ಚು ಬಂದ ಮೇಲೆ ಆಟವೇ ಬದಲಾಗಿತ್ತು. ಫ್ರಾನ್ಸಿನ ನೆಲದಲ್ಲಿ ಅಚ್ಚಾದ ಮೊಟ್ಟಮೊದಲ ಪುಸ್ತಕ, 1470ರಲ್ಲಿ, ಪ್ಯಾರಿಸ್ಸಿನ ಸೊರ್ಬಾನ್ ವಿದ್ಯಾಪೀಠದಲ್ಲಿ, ಯಾವುದು ಗೊತ್ತೇ? ಬೈಬಲ್ ಅಲ್ಲ. ಗಾಸ್ಪರಿನೋ ಬಾರ್ಜಿಜ್ಜಾ ಎಂಬ ಇಟಲಿಯ ಮೇಷ್ಟ್ರ ಲ್ಯಾಟಿನ್ ಪತ್ರಗಳ ಸಂಗ್ರಹ, ಹುಡುಗರಿಗೆ ಮಾದರಿಯಾಗಲೆಂದು.

ಈ ಹೊಸ ಲೋಕದ ಒಡೆಯ ಎರಾಸ್ಮಸ್. ರಾಟರ್‌ಡ್ಯಾಮಿನಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿ, ಯುರೋಪೆಲ್ಲ ಅಲೆದು, 1536ರಲ್ಲಿ ಬಾಸೆಲ್‌ನಲ್ಲಿ ತೀರಿಕೊಂಡವನು. ಅವನು ಬರೆದ ಮತ್ತು ಅವನಿಗೆ ಬಂದ ಪತ್ರಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಉಳಿದಿವೆ. ಅವನ್ನು ಕಲೆಹಾಕಿ ಶುದ್ಧ ಪ್ರತಿ ತಯಾರಿಸುವುದಕ್ಕೇ ಪಿ. ಎಸ್. ಆಲನ್ ಎಂಬ ಇಂಗ್ಲಿಷ್ ವಿದ್ವಾಂಸ ಜೀವನ ಕಳೆದ, ಹೆಂಡತಿ ಹೆಲೆನ್ ಜೊತೆಗೂಡಿ ದುಡಿದು ಆತನ ನಂತರವೂ ಮುಂದುವರಿಸಿದಳು. ಆಲನ್ ಸ್ವಲ್ಪ ಕಾಲ ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕನಾಗಿದ್ದ. ಆಕ್ಸ್‌ಫರ್ಡ್ ಪ್ರಕಟಿಸಿದ ಆ ಸಂಪುಟಗಳು 1906ರಲ್ಲಿ ಆರಂಭವಾಗಿ ಸೂಚಿಯೂ ಸೇರಿ ಮುಗಿದದ್ದು 1958ಕ್ಕೆ.

ಎರಾಸ್ಮಸ್ 1512ರಲ್ಲಿ ಬರೆದ ಪಠ್ಯಪುಸ್ತಕವೊಂದರಲ್ಲಿ ‘ನಿನ್ನ ಪತ್ರದಿಂದ ನನಗೆ ಬಹಳ ಸಂತೋಷವಾಯಿತು’ ಎಂಬ ಒಂದೇ ವಾಕ್ಯವನ್ನು ನೂರಕ್ಕೂ ಹೆಚ್ಚು ಬಗೆಯಲ್ಲಿ ಹೇಳಿ ತೋರಿಸುತ್ತಾನೆ. ಓದುತ್ತಾ ಹೋದರೆ ಮೊದಲು ಬೆರಗು, ಆಮೇಲೆ ಆಕಳಿಕೆ, ಕೊನೆಗೆ ನಗು. ಆದರೆ ಅವನ ಉದ್ದೇಶ ಗಂಭೀರವೇ. ಭಾಷೆ ಕೈಗೆ ಪಳಗಿದವನು ಮಾತ್ರ ಎದುರಿಗಿರುವವನಿಗೆ ತಕ್ಕ ಮಾತನ್ನು ಹುಡುಕಬಲ್ಲ. 1522ರಲ್ಲಿ ಪತ್ರ ಬರೆಯುವ ಕಲೆಯ ಮೇಲೆಯೇ ಪುಸ್ತಕ ಮಾಡಿದಾಗ ಅದನ್ನೇ ಮುಂದುವರಿಸಿದ. ಪತ್ರಕ್ಕೆ ಒಂದೇ ಅಚ್ಚು ಇರಲಾರದು, ತಾನು ಕೂತ ಬಂಡೆಯ ಬಣ್ಣಕ್ಕೆ ತಿರುಗುವ ಅಷ್ಟಪಾದಿಯಂತೆ (ಆಕ್ಟೋಪಸ್) ಅದು ವಿಷಯಕ್ಕೆ, ಓದುಗನಿಗೆ, ಹೊತ್ತಿಗೆ ಹೊಂದಿಕೊಳ್ಳಬೇಕು ಎಂದ. ಐದಂಗದ ಹಳೆಯ ಶಾಸ್ತ್ರಕ್ಕೆ ಇದು ನೇರ ಉತ್ತರ.

ಹ್ಯೂಮನಿಸ್ಟರಲ್ಲೇ ಒಂದು ಗುಂಪಿಗೂ ಈ ಮಾತು ಚುಚ್ಚಬೇಕಿತ್ತು. ಸಿಸೆರೋ ಬಳಸದ ಒಂದು ಪದವನ್ನೂ ಬಳಸೆವು ಎಂಬ ವ್ರತ ತೊಟ್ಟವರು ಆಗ ಇದ್ದರು. 1528ರ ಸಂವಾದವೊಂದರಲ್ಲಿ ಎರಾಸ್ಮಸ್ ಅಂಥವನೊಬ್ಬನನ್ನು ಸೃಷ್ಟಿಸಿ ಗೇಲಿ ಮಾಡುತ್ತಾನೆ. ಆ ಮಹಾಶಯ ಬರೆಯಲು ಕೂರುವುದು ರಾತ್ರಿ, ಹೊರಗಿನ ಸದ್ದು ಒಳಬಾರದ ಕೋಣೆಯಲ್ಲಿ. ಊಟವೆಂದರೆ ಕೆಲವು ಒಣದ್ರಾಕ್ಷಿ, ಸಕ್ಕರೆ ಸವರಿದ ಮೂರು ಕೊತ್ತಂಬರಿ ಬೀಜ. ನಾಲ್ಕು ಸಾಲಿನ ಪತ್ರಕ್ಕೆ ರಾತ್ರಿಗಳೇ ಬೇಕು. ಇದೇ ಜಗಳದಲ್ಲಿ ಅದಕ್ಕೂ ಮೊದಲು ಫ್ಲಾರೆನ್ಸಿನ ಪೊಲಿಜಿಯಾನೋ ಒಂದು ಪತ್ರದಲ್ಲಿ ಹೇಳಿದ ಮಾತು ನನಗೆ ಎಲ್ಲಕ್ಕಿಂತ ಇಷ್ಟ: ನೀನು ಸಿಸೆರೋನ ಹಾಗೆ ಬರೆಯುವುದಿಲ್ಲ ಎನ್ನುತ್ತಾರೆ. ಹೌದು, ನಾನು ಸಿಸೆರೋ ಅಲ್ಲವಲ್ಲ. ನನ್ನನ್ನು ನಾನು ಹೇಳಿಕೊಳ್ಳುತ್ತಿದ್ದೇನೆ.

1517ರಲ್ಲಿ ಎರಾಸ್ಮಸ್ ಮತ್ತು ಆಂಟ್‌ವರ್ಪಿನ ಪೀಟರ್ ಗಿಲ್ಲಿಸ್ ಸೇರಿ ತಮ್ಮಿಬ್ಬರ ಚಿತ್ರಗಳನ್ನು ಕ್ವೆಂಟಿನ್ ಮೆಟ್ಸಿಸ್ ಕೈಯಲ್ಲಿ ಬರೆಸಿ ಇಂಗ್ಲೆಂಡಿನ ಗೆಳೆಯ ಥಾಮಸ್ ಮೋರ್‌ಗೆ ಉಡುಗೊರೆ ಕಳಿಸಿದರು. (ನಡುವೆ ವೈದ್ಯನ ಗುಳಿಗೆ ನುಂಗಿ ಎರಾಸ್ಮಸ್‌ನ ಮುಖಚಹರೆಯೇ ಬದಲಾಗಿ ಕೆಲಸ ಕೆಲಕಾಲ ನಿಂತಿತ್ತು.) ಗಿಲ್ಲಿಸ್‌ನ ಕೈಯಲ್ಲಿ ಒಂದು ಪತ್ರವಿದೆ. ಅದು ಮೋರ್ ಬರೆದದ್ದು, ಅವನದೇ ಕೈಬರಹದಲ್ಲಿ. ಚಿತ್ರಗಾರ ತನ್ನ ಅಕ್ಷರವನ್ನು ಅಷ್ಟು ಚೆನ್ನಾಗಿ ಅನುಕರಿಸಿದ್ದು ಕಂಡು ಮೋರ್ ಬೆರಗಾಗಿ, ಆ ಮೂಲ ಪತ್ರವನ್ನು ವಾಪಸು ಕಳಿಸು, ಚಿತ್ರದ ಪಕ್ಕದಲ್ಲಿ ಇಡುತ್ತೇನೆ ಎಂದು ಗಿಲ್ಲಿಸ್‌ಗೆ ಬರೆದ. ಸ್ನೇಹವನ್ನು ಚಿತ್ರಿಸಬೇಕಾದರೆ ಕೈಗೆ ಕೈ ಕೊಡಿಸುವ ಬದಲು ಪತ್ರ ಕೊಡಿಸಿದರು. ಅದರ ಹಿಂದಿನ ವರ್ಷ ಅಚ್ಚಾದ ಮೋರ್‌ನ ‘ಯುಟೋಪಿಯ’ ಕೂಡ ಗಿಲ್ಲಿಸ್‌ಗೆ ಬರೆದ ಪತ್ರದಿಂದಲೇ ಶುರುವಾಗುತ್ತದೆ. ಇಲ್ಲದ ದ್ವೀಪವೊಂದರ ಸೇತುವೆಯ ಉದ್ದ ಎಷ್ಟಿತ್ತೆಂದು ನೆನಪಿದೆಯೇ ಎಂದು ಮೋರ್ ಅದರಲ್ಲಿ ಗಂಭೀರವಾಗಿ ವಿಚಾರಿಸುತ್ತಾನೆ.

ಪತ್ರ ಆಯುಧವೂ ಆಯಿತು. ಯಹೂದಿಗಳ ಹೀಬ್ರೂ ಗ್ರಂಥಗಳನ್ನು ಸುಡಬೇಕೆಂಬ ಬೇಡಿಕೆಯನ್ನು ಜರ್ಮನಿಯ ಯೊಹಾನ್ ರಾಯ್ಕ್ಲಿನ್ ವಿರೋಧಿಸಿದಾಗ ಕಲೋನಿನ ಧರ್ಮಪಂಡಿತರು ಅವನ ಮೇಲೆ ಬಿದ್ದರು. ರಾಯ್ಕ್ಲಿನ್ 1514ರಲ್ಲಿ ತನ್ನ ಪರವಾಗಿ ಬಂದಿದ್ದ ‘ಪ್ರಖ್ಯಾತರ ಪತ್ರ’ಗಳನ್ನು ಅಚ್ಚು ಹಾಕಿಸಿದ. ಮರುವರ್ಷ ‘ಅಪ್ರಖ್ಯಾತರ ಪತ್ರಗಳು’ ಎಂಬ ಪುಸ್ತಕ ಹೊರಬಂತು. ಕಲೋನಿನ ಪಂಡಿತರಿಗೆ ಅವರದೇ ಪಕ್ಷದವರು ಬರೆದ ಹಾಗಿರುವ ಕಾಗದಗಳು. ಲ್ಯಾಟಿನ್ ಹರಕುಮುರುಕು, ವಿಷಯ ಹೊಟ್ಟೆ ಮತ್ತು ಹೆಂಗಸರು, ನಡುನಡುವೆ ಪೆದ್ದು ತರ್ಕ. ಬರೆದವರು ಹ್ಯೂಮನಿಸ್ಟರೇ. ಮೊದಲ ಕಂತಿನಲ್ಲಿ ಕ್ರೋಟಸ್ ರುಬಿಯಾನಸ್‌ನ ಕೈ ಮುಖ್ಯ, 1517ರ ಎರಡನೆಯದರಲ್ಲಿ ಅದೇ ಹುಟನ್‌ನದು. ಕೆಲವು ಸನ್ಯಾಸಿಗಳು ಅದನ್ನು ನಿಜವಾಗಿಯೂ ತಮ್ಮ ಪರವೆಂದು ನಂಬಿ ಖುಷಿಪಟ್ಟರಂತೆ. ಪೋಪ್ ಹತ್ತನೇ ಲಿಯೋ ಪುಸ್ತಕವನ್ನು ಖಂಡಿಸಿದ.

ಇಷ್ಟೆಲ್ಲ ವಿಶಾಲವೆಂದು ಹೇಳಿಕೊಂಡ ಈ ಗಣರಾಜ್ಯದೊಳಗೆ ಹೆಣ್ಣುಮಕ್ಕಳ ಪಾಡು ಏನಾಯಿತು? ಗ್ವಾರಿನೋನ ಉತ್ತರ ಬಂದ ಮೇಲೂ ಇಸೋಟ್ಟಾಳ ದಾರಿ ಸಲೀಸಾಗಲಿಲ್ಲ. 1439ರಲ್ಲಿ ಅನಾಮಧೇಯ ಬರಹವೊಂದು ಅವಳ ಶೀಲದ ಮೇಲೆ ಹೊಲಸು ಆರೋಪ ಹೊರಿಸಿತು. ಆಕೆ ಮದುವೆಯಾಗದೆ, ಮನೆಯಲ್ಲೇ ಪುಸ್ತಕಗಳ ನಡುವೆ ಉಳಿದಳು. ಬ್ರೆಶಿಯಾದ ಲಾರಾ ಚೆರೇತಾ ಹದಿನೈದಕ್ಕೆ ಮದುವೆಯಾಗಿ, ಎರಡು ವರ್ಷ ತುಂಬುವ ಮೊದಲೇ ವಿಧವೆಯಾಗಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಓದಿ ಬರೆದವಳು. 1488ರಲ್ಲಿ ತನ್ನ ಲ್ಯಾಟಿನ್ ಪತ್ರಗಳನ್ನು ಸಂಗ್ರಹವಾಗಿ ಜೋಡಿಸಿದಳು. ಅದರಲ್ಲೊಂದು ಬಿಬುಲಸ್ ಸೆಂಪ್ರೊನಿಯಸ್ ಎಂಬ ಕಲ್ಪಿತ ಗಂಡಸಿಗೆ. ಹೆಣ್ಣಾಗಿಯೂ ಇಷ್ಟು ಕಲಿತೆಯಲ್ಲ ಎಂದು ಅವನು ಹೊಗಳಿದ್ದೇ ಅವಳ ಸಿಟ್ಟಿಗೆ ಕಾರಣ. ನನ್ನನ್ನು ಅಪರೂಪವೆಂದು ಹೊಗಳಿ ಉಳಿದ ಹೆಂಗಸರನ್ನೆಲ್ಲ ಹಳಿಯುತ್ತಿದ್ದೀಯೆ ಎಂದು ಝಾಡಿಸಿ, ಪುರಾತನ ಕಾಲದಿಂದ ತನ್ನ ಕಾಲದವರೆಗಿನ ವಿದುಷಿಯರ ಸಾಲನ್ನೇ ಎದುರಿಗಿಡುತ್ತಾಳೆ. ಚೆರೇತಾ ಮೂವತ್ತರ ಸುಮಾರಿಗೆ, 1499ರಲ್ಲಿ ತೀರಿಕೊಂಡಳು. ಪತ್ರಗಳು ಅಚ್ಚು ಕಂಡದ್ದು 1640ರಲ್ಲಿ.

ಈ ಪತ್ರಪರಂಪರೆ ನಮ್ಮ ಕರಾವಳಿಯನ್ನೂ ಮುಟ್ಟಿತು. ಗ್ರೀಕ್, ಲ್ಯಾಟಿನ್ ಓದಿಕೊಂಡ ಫ್ಲಾರೆನ್ಸಿನ ವ್ಯಾಪಾರಿ ಫಿಲಿಪ್ಪೊ ಸಸ್ಸೆತ್ತಿ 1583ರಿಂದ ಕೊಚ್ಚಿ ಮತ್ತು ಗೋವಾಗಳಲ್ಲಿದ್ದು, 1588ರಲ್ಲಿ ಗೋವಾದಲ್ಲೇ ಸತ್ತ. ಊರಿನ ವಿದ್ವಾಂಸ ಗೆಳೆಯರಿಗೆ ಬರೆದ ಪತ್ರಗಳಲ್ಲಿ ಸಂಸ್ಕೃತಕ್ಕೂ ತನ್ನ ಭಾಷೆಗೂ ಇರುವ ಹೋಲಿಕೆಯನ್ನು ಗುರುತಿಸಿದ್ದಾನೆ: ದೇವ ಮತ್ತು ದಿಯೋ, ಸರ್ಪ ಮತ್ತು ಸೆರ್ಪೆ, ಸಪ್ತ ಮತ್ತು ಸೆತ್ತೆ, ಅಷ್ಟ ಮತ್ತು ಒತ್ತೊ, ನವ ಮತ್ತು ನೊವೆ. ವಿಲಿಯಂ ಜೋನ್ಸ್ ಕಲ್ಕತ್ತದಲ್ಲಿ ಇದೇ ನಂಟಿನ ಬಗ್ಗೆ ಪ್ರಸಿದ್ಧ ಭಾಷಣ ಮಾಡಿದ್ದು 1786ರಲ್ಲಿ, ಸುಮಾರು ಇನ್ನೂರು ವರ್ಷದ ನಂತರ. ಸಸ್ಸೆತ್ತಿಯ ಮಾತು ಕೆಲವರ ಕೈಯಲ್ಲಷ್ಟೇ ಸುತ್ತಾಡಿ ಉಳಿಯಿತು. ಎಲ್ಲರೂ ಓದುವ ಪತ್ರಗಳ ಕಾಲದಲ್ಲೂ ಹಾಗಾಗುತ್ತಿತ್ತು.

ಇನ್ನೊಬ್ಬ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. 1614ರಲ್ಲಿ ಹೊರಟು ತುರ್ಕಿ, ಪರ್ಷಿಯ ಸುತ್ತಿ 1623ರಲ್ಲಿ ಭಾರತಕ್ಕೆ ಬಂದ. ತಾನು ಕಂಡದ್ದನ್ನೆಲ್ಲ ನೇಪಲ್ಸಿನ ವೈದ್ಯ ಮಿತ್ರ ಮಾರಿಯೊ ಸ್ಕಿಪಾನೊಗೆ ಪತ್ರಗಳಾಗಿ ಬರೆಯುತ್ತಾ ಹೋದ, ಮುಂದೆ ಪುಸ್ತಕವಾಗಬೇಕೆಂಬ ಎಣಿಕೆ ಇಟ್ಟುಕೊಂಡೇ. ಆ ವರ್ಷದ ಕೊನೆಯಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ, ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ಆಮೇಲೆ ಮಂಗಳೂರಿಗೆ ಇಳಿದು ಉಳ್ಳಾಲದ ರಾಣಿಯನ್ನೂ ಕಂಡ. ಘಟ್ಟದ ಮೇಲಿನ ಹನುಮಂತನ ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ನುಣ್ಣನೆ ಮರಳು ಹರಡಿಕೊಂಡು, ಒಬ್ಬ ರಾಗವಾಗಿ ಲೆಕ್ಕ ಹೇಳುತ್ತಾ ಬೆರಳಿನಲ್ಲಿ ಬರೆಯುವುದು, ಉಳಿದವರು ಅದನ್ನೇ ಹಾಡಿ ಬರೆಯುವುದು, ಮರಳು ತುಂಬಿದರೆ ಅಳಿಸಿ ಮತ್ತೆ ಹರಡುವುದು, ಇದನ್ನೆಲ್ಲ ನಿಂತು ನೋಡಿ ಬರೆದಿದ್ದಾನೆ. ನೇಪಲ್ಸಿನಲ್ಲಿ ಕೂತ ಗೆಳೆಯನಿಗೆ ಏನೂ ಗೊತ್ತಿಲ್ಲವಾದ್ದರಿಂದ ಇಲ್ಲಿಯವರು ಯಾರೂ ಬರೆದಿಡುವ ಗೋಜಿಗೆ ಹೋಗದ ಸಂಗತಿಗಳನ್ನೂ ಬಿಡಿಸಿ ಹೇಳಬೇಕಾಯಿತು. ಅವನ ಭಾರತದ ಪತ್ರಗಳು 1663ರಲ್ಲಿ, ಅವನು ಸತ್ತು ಹನ್ನೊಂದು ವರ್ಷಕ್ಕೆ, ಅಚ್ಚಾದವು. ಕೆಳದಿ ಅರಸರ ಕಾಲದ ಬಗ್ಗೆ ಬರೆಯುವವರು ಇಂದಿಗೂ ಅವನ್ನು ತೆರೆಯುತ್ತಾರೆ.